ನೆತ್ತದ ಹಲಗೆ, ಗರಡಿಯ ಮಣ್ಣು

ನಾನು ಪಂಡಿತನಲ್ಲ. ಸರಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಕಡತಗಳನ್ನು ತಿರುವಿ ನಿವೃತ್ತನಾದವನು. ಬೆಳಿಗ್ಗೆ ಕಾಫಿಯೊಡನೆ ಪತ್ರಿಕೆ, ಸಂಜೆ ಒಂದಿಷ್ಟು ಭಾರತ, ವರ್ಷಕ್ಕೊಮ್ಮೆ ಮೈಸೂರಿನ ದಸರಾ ಕುಸ್ತಿ: ನನಗೆ ಉಳಿದಿರುವ ವ್ಯಸನಗಳು ಇವು ಮೂರೇ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧವುಂಟೆಂದು ಮೊನ್ನೆಮೊನ್ನೆಯವರೆಗೆ ನನಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ನನ್ನ ತಂಗಿಯ ಮಗ. ಅವನು ಫೋನಿನಲ್ಲಿ ರಮ್ಮಿ ಆಡಿ ಮೂರು ತಿಂಗಳ ಸಂಬಳವನ್ನು ಕಳೆದುಕೊಂಡಿದ್ದ. ತಂಗಿ ಅಳುತ್ತ ಬಂದಳು. ನಾನು ಬೈದೆ. ಹುಡುಗ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದ: “ಮಾವ, ನೀವು ತಿಳಿದಂತೆ ಅದು ಜೂಜಲ್ಲ, ಕೌಶಲದ ಆಟ. ಸುಪ್ರೀಂ ಕೋರ್ಟೇ ಹೇಳಿದೆ.”

ಅವನು ಹೇಳಿದ್ದು ಸುಳ್ಳಲ್ಲ. ಫಲಿತಾಂಶವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲವೆಂಬ ತತ್ವವನ್ನು ಆ ನ್ಯಾಯಾಲಯ ೧೯೫೭ರಲ್ಲಿ ಒಪ್ಪಿತು. ರಮ್ಮಿಯು ಮೂರೆಲೆಯ ಆಟದಂತೆ ಬರಿಯ ಅದೃಷ್ಟದ್ದಲ್ಲ, ಬಿದ್ದ ಎಲೆಗಳನ್ನು ನೆನಪಿಟ್ಟು ಆಡಬೇಕಾದ್ದು, ಮುಖ್ಯವಾಗಿ ಕೌಶಲದ್ದು ಎಂದು ೧೯೬೭ರಲ್ಲಿ ತೀರ್ಪಾಯಿತು. ೨೦೨೧ರಲ್ಲಿ ನಮ್ಮ ಕರ್ನಾಟಕ ಸರಕಾರ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಬೇರೊಂದು ಕಾಯಿದೆ ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟವಾದರೆ ಸಾಕು, ಅದು ಕೌಶಲವೋ ಅದೃಷ್ಟವೋ ಎಂಬ ವಿಚಾರವೇ ಬೇಡ ಎಂದು ಅದು ನಿಷೇಧಿಸಿತು. ಅರುವತ್ತೆಂಟು ವರ್ಷ ವಕೀಲರು ವಾದಿಸಿದ ಪ್ರಶ್ನೆಯನ್ನು ಹೀಗೆ ಒಂದೇ ಏಟಿಗೆ ಬದಿಗೆ ಸರಿಸಿದ್ದು ಸರಿಯೇ, ತಪ್ಪೇ? ಕಾನೂನು ಬಲ್ಲವರು ಹೇಳಲಿ. ನಾನು ಸಭಾಪರ್ವವನ್ನು ತೆಗೆದು ಕುಳಿತೆ.

ತೆಗೆದವನಿಗೆ ಆಶ್ಚರ್ಯ ಕಾದಿತ್ತು. ನನ್ನ ಸೋದರಳಿಯನ ವಾದ ಅಲ್ಲಿ ಆಗಲೇ ಇದೆ. ಅದನ್ನು ಆಡುವವನು ಶಕುನಿ! ಕಪಟದ ಆಟ ಬೇಡವೆಂದು ಧರ್ಮರಾಯ ಹಿಂದೆಗೆಯುವಾಗ ವ್ಯಾಸರ ಶಕುನಿ ಕೊಡುವ ಉತ್ತರದ ಭಾವ ಇದು: ಕಲಿತವನು ಕಲಿಯದವನನ್ನು ಗೆಲ್ಲುತ್ತಾನೆ, ಬಲ್ಲಿದನು ಬಲವಿಲ್ಲದವನನ್ನು ಗೆಲ್ಲುತ್ತಾನೆ, ಅದನ್ನು ಜನ ಮೋಸವೆನ್ನುವುದಿಲ್ಲ, ನಿನಗೆ ಹೆದರಿಕೆಯಾದರೆ ಏಳು. ಆಟ ಕೌಶಲದ್ದೆಂಬ ಮಾತು ನಿಜವೇ ಹೌದು. ಕೌಶಲವೆಲ್ಲ ಒಂದೇ ಕಡೆಗಿತ್ತು, ಅಷ್ಟೆ. ಕರೆದರೆ ಹಿಂದೆಗೆಯುವವನಲ್ಲ ಎಂಬ ಒಂದು ಹಟದಿಂದ ಧರ್ಮರಾಯ ಹಲಗೆಯ ಮುಂದೆ ಕುಳಿತ.

ಆಮೇಲೆ ವ್ಯಾಸರು ನಡೆಸುವ ರೀತಿಯನ್ನು ವಾಚಕರು ಗಮನಿಸಬೇಕು. ಧರ್ಮರಾಯ ಒಡ್ಡುವ ಪಣಕ್ಕೆ ಪ್ರತಿಸಲವೂ ವಿಸ್ತಾರವಾದ ವರ್ಣನೆಯಿದೆ. ಮಣಿಯಾಯಿತು, ಹೊನ್ನಾಯಿತು, ರಥ, ದಾಸಿಯರು, ಆನೆ, ಕುದುರೆ, ಊರು, ನೆಲ, ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ಆಮೇಲೆ ತಾನು, ಕೊನೆಗೆ ದ್ರೌಪದಿ. ಶಕುನಿಯ ಕಡೆಯಿಂದ ವರ್ಣನೆಯಿಲ್ಲ. ಗೆದ್ದೆನೆಂಬ ಒಂದು ಮಾತು, ಪ್ರತಿಸಲವೂ ಅದೇ, ಪಲ್ಲವಿಯಂತೆ. ಸೋಲುವವನಿಗೆ ಮಾತು ಹೆಚ್ಚು, ಗೆಲ್ಲುವವನಿಗೆ ಒಂದೇ ಮಾತು. ಫೋನಿನ ಆಟವನ್ನು ನಾನು ಸೋದರಳಿಯನ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅಲ್ಲಿಯೂ ಹಾಗೆಯೇ.

ಕನ್ನಡದಲ್ಲಿ ಈ ಭಾಗವನ್ನು ಓದುವುದಕ್ಕಿಂತ ಕೇಳುವುದು ಮೇಲು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮಾತ್ರೆಯ ಗಣಗಳು ಎರಡು ಸಾಲು ಸರಸರನೆ ಓಡುತ್ತವೆ. ಮೂರನೆಯ ಸಾಲು ಉದ್ದಕ್ಕೆ ಚಾಚಿ, ಒಂದು ಗುರುವಿನ ಮೇಲೆ ಬಿದ್ದು ನಿಲ್ಲುತ್ತದೆ. ಮತ್ತೆ ಎರಡು ಸಾಲಿನ ಓಟ, ಮತ್ತೆ ಒಂದು ನಿಲುಗಡೆ. ಒಳ್ಳೆಯ ಗಮಕಿಯ ಕಂಠದಲ್ಲಿ ಇದು ಹಾಸಂಗಿ ಉರುಳಿ ನಿಂತಂತೆಯೇ ಕೇಳುತ್ತದೆ. ಈ ಛಂದಸ್ಸು ಎಲ್ಲ ರಸಗಳಿಗೂ ಒಗ್ಗಿತೆಂದು ವಿಮರ್ಶಕರು ಹೊಗಳುತ್ತಾರೆ. ಜೂಜಿನ ಪ್ರಸಂಗಕ್ಕಂತೂ ಅದು ಹುಟ್ಟಿನಿಂದಲೇ ಒಗ್ಗಿದ್ದೆಂದು ನನ್ನಂಥ ಸಾಮಾನ್ಯ ಶ್ರೋತೃವಿಗೆ ತೋರುತ್ತದೆ.

ಹಾಗೆಂದು ನಮ್ಮ ಕವಿಗಳು ಆಟದ ವೈರಿಗಳೆಂದು ತಿಳಿಯಬಾರದು. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತದಲ್ಲಿ ಜೂಜುಗಾರನೊಬ್ಬ ತಾರೆಕಾಯಿಯ ದಾಳಗಳನ್ನು ದೂರುತ್ತಾನೆ. ಹೆಂಡತಿ ದೂರವಾದಳು, ಅತ್ತೆ ದ್ವೇಷಿಸುತ್ತಾಳೆ ಎಂದು ಹಲುಬುತ್ತಾನೆ. ಆದರೂ ಆ ಕಾಯಿಗಳ ಚೆಲುವನ್ನು ಅವನು ಮರೆಯಲಾರ. ಸೂಕ್ತದ ಕೊನೆಗೆ ಬರುವ ಬುದ್ಧಿಮಾತು ಜೂಜು ಬಿಟ್ಟು ಹೊಲವನ್ನು ಉಳು ಎಂಬುದು. ಓದುಗನ ಮನಸ್ಸಿನಲ್ಲಿ ನಿಲ್ಲುವುದು ಮಾತ್ರ ಆ ಹಲುಬು. ವನಪರ್ವದ ನಳನೋ, ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು, ಋತುಪರ್ಣನಿಂದ ಅಕ್ಷವಿದ್ಯೆಯನ್ನೇ ಕಲಿತು, ಅದೇ ಆಟದಿಂದ ರಾಜ್ಯವನ್ನು ಮರಳಿ ಪಡೆಯುತ್ತಾನೆ. ಕವಿ ಕೌಶಲವನ್ನು ಹೀಗಳೆಯುವುದಿಲ್ಲ. ಕವಿಯ ಪ್ರಶ್ನೆ ಬೇರೆ: ಏನನ್ನು ಒಡ್ಡಿದೆ? ಒಡ್ಡುವಾಗ ಎದುರಿಗೆ ಯಾರಿದ್ದರು?

ಈ ಪ್ರಶ್ನೆಯನ್ನು ಹಿಡಿದೇ ನಾನು ಗದಾಯುದ್ಧಕ್ಕೆ ಬಂದೆ. ವ್ಯಾಸರ ಶಲ್ಯಪರ್ವದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಅದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಕೊಳದಿಂದ ಮೇಲೆದ್ದ ದುರ್ಯೋಧನನಿಗೆ ಧರ್ಮರಾಯ ಉದಾರನಾಗಿ ಹೇಳುತ್ತಾನೆ: ನಮ್ಮೈವರಲ್ಲಿ ಒಬ್ಬನೊಡನೆ ಹೋರಾಡು, ಗೆದ್ದರೆ ರಾಜ್ಯ ನಿನ್ನದು. ಕೃಷ್ಣನಿಗೆ ಸಿಟ್ಟು ಬರುತ್ತದೆ. ಇವನು ಹದಿಮೂರು ವರ್ಷ ಕಬ್ಬಿಣದ ಭೀಮನನ್ನು ನಿಲ್ಲಿಸಿಕೊಂಡು ಗದೆ ಸಾಧಿಸಿದವನು. ನಿನ್ನನ್ನೋ ನಕುಲನನ್ನೋ ಆರಿಸಿದ್ದರೆ ಗತಿಯೇನು? ಮತ್ತೆ ಹಳೆಯ ಜೂಜನ್ನೇ ಹೂಡಿದೆಯಲ್ಲ! ಇಷ್ಟು ರಕ್ತ ಹರಿದ ಮೇಲೆಯೂ ಧರ್ಮರಾಯನ ಕೈ ಪಣವೊಡ್ಡುವ ಚಾಳಿಯನ್ನು ಬಿಟ್ಟಿಲ್ಲ. ಜೂಜಿಗೂ ದ್ವಂದ್ವಯುದ್ಧಕ್ಕೂ ಇರುವ ಹೊಕ್ಕುಳಬಳ್ಳಿಯನ್ನು ವ್ಯಾಸರು ಇಲ್ಲಿ ಒಂದೇ ಮಾತಿನಿಂದ ತೋರಿಸಿಬಿಟ್ಟಿದ್ದಾರೆ.

ರನ್ನನ ಪ್ರತಿಭೆ ಇನ್ನೊಂದು ದಾರಿ ಹಿಡಿಯಿತು. ಅವನ ಕಾವ್ಯದ ಹೆಸರು ಸಾಹಸಭೀಮವಿಜಯ. ತನ್ನ ಚಾಳುಕ್ಯ ಪ್ರಭು ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಗೆದ್ದವನ ಕಡೆಯ ಕವಿ ಅವನು. ಆದರೆ ಗದೆಗೆ ಗದೆ ತಾಗುವುದು ಕಾವ್ಯದ ಕೊನೆಗೆ. ಅಲ್ಲಿಯವರೆಗೆ ಅವನು ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸಿಕೊಂಡು ಹೋಗುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣ ಒಬ್ಬೊಬ್ಬರಾಗಿ ಬಿದ್ದಿದ್ದಾರೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡೂ ಅವನು ಕೈಮುಗಿಯುತ್ತಾನೆ. ಸಭಾಪರ್ವದಲ್ಲಿ ಧರ್ಮರಾಯ ಪಣಗಳನ್ನು ಒಂದೊಂದಾಗಿ ಹೆಸರಿಸಿ ಒಡ್ಡಿದ. ಇಲ್ಲಿ ದುರ್ಯೋಧನ ತಾನು ಒಡ್ಡಿದ ಪಣಗಳನ್ನು ಒಂದೊಂದಾಗಿ ಹೆಸರಿಸಿ ಅಳುತ್ತಾನೆ. ಈ ಕಾವ್ಯದ ನಾಯಕ ಭೀಮನೋ ದುರ್ಯೋಧನನೋ ಎಂದು ವಿದ್ವಾಂಸರು ಬಹುಕಾಲದಿಂದ ಚರ್ಚಿಸಿದ್ದಾರೆ. ನನಗೆ ತೋರುವಂತೆ ರನ್ನನ ದೃಷ್ಟಿ ಲೆಕ್ಕ ಒಪ್ಪಿಸುವವನ ಮೇಲಿದೆ. ಸೋತವನು ತಾನು ಸೋತದ್ದೇನೆಂದು ತಿಳಿದುಕೊಳ್ಳುವ ತನಕ ಹೋರಾಟ ಮುಗಿಯಲಾರದೆಂದು ಮುದುವೊಳಲಿನ ಆ ಬಳೆಗಾರರ ಮನೆಯ ಕವಿಗೆ ಗೊತ್ತಿತ್ತು.

ಗರಡಿಯಲ್ಲಿಯೂ ನಾನು ಕಂಡದ್ದು ಇದನ್ನೇ. ಹುಡುಗನಾಗಿದ್ದಾಗ ನಾಲ್ಕು ತಿಂಗಳು ನಾನೂ ಕೆಮ್ಮಣ್ಣು ಮೆತ್ತಿಕೊಂಡಿದ್ದೆ. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರಿಗೆ ಜೋಡಿ ಕಟ್ಟುತ್ತಾರೆ; ಎತ್ತರ, ತೂಕ, ಸಾಧನೆ ನೋಡಿ ಸಮಕ್ಕೆ ಸಮ ಇಡುತ್ತಾರೆ. ಶಕುನಿಯ ವಾದ ಅಲ್ಲಿ ನಡೆಯುವುದಿಲ್ಲ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಲು ಭಯಂಕರವೇ ಸರಿ. ಆದರೆ ಮೊದಲ ರಕ್ತ ಕಂಡೊಡನೆ ನಿಲ್ಲಿಸುತ್ತಾರೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಫೈನಲ್ ಮುಟ್ಟಿ, ನೂರು ಗ್ರಾಮ್ ತೂಕ ಹೆಚ್ಚಾಯಿತೆಂದು ಅನರ್ಹರಾದಾಗ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನೂ ನೊಂದೆ. ಆದರೂ ಆಟದ ಗೆರೆ ನಮ್ಮವರಿಗೂ ಗೆರೆಯೇ. ನಾಭಿಯ ಕೆಳಗೆ ಹೊಡೆಯಬಾರದೆಂಬ ಗೆರೆಯನ್ನು ಭೀಮ ದಾಟಿದಾಗ ಬಲರಾಮ ಹಲವನ್ನೆತ್ತಿ ನುಗ್ಗಿದನಷ್ಟೆ. ಆ ಸಿಟ್ಟನ್ನು ವ್ಯಾಸರು ಮುಚ್ಚಿಡಲಿಲ್ಲ.

ಇಲ್ಲಿ ನನ್ನದೊಂದು ಮಾತನ್ನು ಒಪ್ಪಿಸಬೇಕು. ಸೋದರಳಿಯನನ್ನು ಬೈಯುವ ಅರ್ಹತೆ ನನಗೆ ಪೂರ್ತಿಯಾಗಿ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಸಂಜೆ ಸ್ನೇಹಿತರೊಬ್ಬರ ಕೋಣೆಯಲ್ಲಿ ಕಾಸಿಟ್ಟು ಎಲೆಯಾಡುತ್ತಿದ್ದೆ. ಒಂದು ರಾತ್ರಿ ಸಂಬಳವೆಲ್ಲ ಹೋಗಿ, ಕೈಯ ಉಂಗುರವನ್ನು ಕಳಚತೊಡಗಿದೆ. ಎದುರಿಗೆ ಕುಳಿತಿದ್ದ ಹಿರಿಯರು, ನನ್ನ ದುಡ್ಡು ಗೆದ್ದವರೇ, ಎಲೆಗಳನ್ನು ಕೂಡಿಸಿ ಪೆಟ್ಟಿಗೆಗೆ ಹಾಕಿ, “ಸಾಕು, ಮನೆಗೆ ಹೋಗಿ ಸ್ವಾಮಿ, ಹೆಂಡತಿ ಕಾಯುತ್ತಿರುತ್ತಾರೆ” ಎಂದರು. ನನಗೆ ಅವಮಾನವಾಯಿತು. ಆ ಉಂಗುರ ಈಗಲೂ ಕೈಯಲ್ಲಿದೆ.

ಧೃತರಾಷ್ಟ್ರನ ಸಭೆಯಲ್ಲಿಯೂ ವಿದುರ ನಡುವೆ ಎದ್ದು ಮಾತನಾಡಿದ. ಯಾರೂ ಕೇಳಲಿಲ್ಲ, ನಿಜ. ಆದರೆ ಮಾತನಾಡುವುದಕ್ಕೆ ಒಬ್ಬನಿದ್ದ. ರಾತ್ರಿ ಎರಡು ಗಂಟೆಗೆ ಬಾಗಿಲು ಹಾಕಿಕೊಂಡು ಬೆಳಕಿನ ಹಲಗೆಯನ್ನು ದಿಟ್ಟಿಸುವ ಹುಡುಗನ ಎದುರಿಗೆ ಮುಖವಿಲ್ಲ. ಸಮಜೋಡಿ ಕಟ್ಟುವ ಉಸ್ತಾದನಿಲ್ಲ, ಎಲೆ ಮಡಿಸುವ ಹಿರಿಯನಿಲ್ಲ, ವಿದುರನಿಲ್ಲ. ಶಕುನಿಯಾದರೂ ಇದ್ದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದಾಗಿತ್ತು. ಕಾಯಿದೆ ಆಟವನ್ನು ನಿಲ್ಲಿಸಬಹುದು, ನಿಲ್ಲಿಸಲಿ. ಆ ಕೋಣೆಗೆ ಒಬ್ಬ ವಿದುರನನ್ನು ಕಳುಹಿಸುವ ಕೆಲಸ ನಮ್ಮಂಥ ಮನೆಯವರದು. ನಾನಂತೂ ತಡವಾಗಿ ಹೋದೆ.

ಈಗ ಹುಡುಗ ಪ್ರತಿ ಶನಿವಾರ ಬೆಂಗಳೂರಿನಿಂದ ಬರುತ್ತಾನೆ. ಮೊದಮೊದಲು ಪ್ರಾಯಶ್ಚಿತ್ತವೆಂದು ಕುಳಿತು ಭಾರತ ಓದಿದ. ಈಗೀಗ ತಾನಾಗಿಯೇ ಪುಸ್ತಕ ತೆಗೆಯುತ್ತಾನೆ. ಕಳೆದ ವಾರ ದ್ರೌಪದಿಯ ಪ್ರಶ್ನೆಯವರೆಗೆ ಬಂದೆವು: ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು?

“ಇದಕ್ಕೆ ಸಭೆಯಲ್ಲಿ ಯಾರು ಉತ್ತರ ಕೊಟ್ಟರು, ಮಾವ?” ಎಂದ.

ಭೀಷ್ಮರೇ ಧರ್ಮ ಸೂಕ್ಷ್ಮವೆಂದು ಹೇಳಿ ಸುಮ್ಮನಾದರು ಎಂದೆ. ಅವನು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿ, ಒಳಗೆ ಒಲೆಯ ಮುಂದೆ ನಿಂತಿದ್ದ ತಾಯಿಯ ಕಡೆಗೆ ಸ್ವಲ್ಪ ಹೊತ್ತು ನೋಡಿದ. ಮತ್ತೆ ತೆರೆದು ಓದತೊಡಗಿದ.