ಸಿಹಿಯ ಬಟ್ಟಲು, ಬೇವಿನ ಗಡಿಗೆ: ಮೃಣ್ಮಯ ಪಾತ್ರೆಗಳ ಸೌಂದರ್ಯ ವಿಚಾರ

ಜಪಾನಿನ ಚಹಾ ವಿಧಿಯಲ್ಲಿ ಸಿಹಿತಿನಿಸು ನೀಡಲು ಬಳಸುವ ಬಟ್ಟಲಿಗೆ ‘ಕಶಿಬಚಿ’ ಎಂದು ಹೆಸರು. ಅತಿಥಿಯು ಪಕ್ಕದವರಿಗೆ ವಿನಯದಿಂದ ನಮಿಸಿ, ಮೆರುಗುಳ್ಳ ಆ ಬಟ್ಟಲಿನಿಂದ ಒಂದು ಸಿಹಿಯನ್ನು ಕಡ್ಡಿಗಳಿಂದ ಎತ್ತಿ ಕಾಗದದ ಮೇಲಿರಿಸಿಕೊಂಡು, ಬಟ್ಟಲನ್ನು ಮುಂದಕ್ಕೆ ಸಾಗಿಸುತ್ತಾನೆ. ಮೊದಲು ಸಿಹಿ, ಅನಂತರ ಕಹಿಯಾದ ಹಸಿರು ಚಹಾ. ಎರಡಕ್ಕೂ ಬೇರೆ ಬೇರೆ ಪಾತ್ರೆಗಳು.

ಕಲಬುರಗಿ, ಕಮಲಾಪುರ ಪರಿಸರದ ಯುಗಾದಿಯಲ್ಲಿ ಈ ಎರಡು ರುಚಿಗಳು ಒಂದೇ ಪಾತ್ರೆಯಲ್ಲಿ ಕೂಡುತ್ತವೆ. ಕುಂಬಾರರಿಂದ ತಂದ ಹೊಸ ಗಡಿಗೆಯಲ್ಲಿ ಹುಣಸೆನೀರು, ಬೆಲ್ಲ, ಪುಟಾಣಿ ಹಿಟ್ಟು, ಮಾವು, ಬಾಳೆಹಣ್ಣು, ಬೇವಿನ ಹೂ ಬೆರೆಸಿದ ಪಾನಕವೇ ಇಲ್ಲಿನ ‘ಬೇವು’. ಮನೆಗೆ ಬಂದವರಿಗೆಲ್ಲ ಅದನ್ನು ಹಂಚುವುದು ವಾಡಿಕೆ.

ಮೆರುಗಿಲ್ಲದ ಗಡಿಗೆಯನ್ನು ಅಪೂರ್ಣ ಕಲೆಯೆಂದು ಭಾವಿಸುವುದು ಸರಿಯಲ್ಲ. ಮೆರುಗೆಂಬುದು ಮಣ್ಣಿನ ರಂಧ್ರಗಳನ್ನು ಮುಚ್ಚುವ ಗಾಜಿನ ಪದರ. ತೇವದ ಸಿಹಿಯನ್ನು ಹೊರುವ ಬಟ್ಟಲಿಗೆ ಅದು ತಕ್ಕದ್ದು. ಗಡಿಗೆಯಾದರೋ ಜಿನುಗಬೇಕು, ಜಿನುಗಿದ ನೀರು ಆವಿಯಾದಾಗಲೇ ಒಳಗಿನದು ತಂಪಾಗುತ್ತದೆ. ಬಿಸಿಲ ನಾಡಿಗೆ ಇದೇ ಅಗತ್ಯ. ಮೆರುಗು ಈ ಸೀಮೆಗೆ ಅಪರಿಚಿತವೂ ಅಲ್ಲ. ನೆರೆಯ ಬೀದರಿನಲ್ಲಿ 1472ರ ಮಹಮೂದ್ ಗಾವಾನನ ಮದರಸಾದ ಗೋಡೆಗಳ ಮೇಲೆ ಮೆರುಗಿನ ಬಿಲ್ಲೆಗಳು ಇಂದಿಗೂ ಉಳಿದಿವೆ.

ಬಳಕೆಯಿಂದಲೇ ಚೆಲುವು ಹುಟ್ಟುತ್ತದೆಂಬ ವಿಚಾರವನ್ನು ಜಪಾನಿನ ಯಾನಗಿ ಸೋಯೆತ್ಸು (1889–1961) ಪ್ರತಿಪಾದಿಸಿದರು. ಜನಸಾಮಾನ್ಯರ ಕರಕುಶಲತೆಗೆ ‘ಮಿಂಗೇಯಿ’ ಎಂಬ ಹೆಸರು ಸಲ್ಲುವಂತೆ ಮಾಡಿ, 1936ರಲ್ಲಿ ಟೋಕಿಯೋದಲ್ಲಿ ಅದರ ಸಂಗ್ರಹಾಲಯ ತೆರೆದರು. ಬೇವಿನ ಗಡಿಗೆಯ ಚೆಲುವನ್ನು ಅರಿಯಲು ಈ ವಿಚಾರ ನೆರವಾಗುತ್ತದೆ. ಆದರೆ ಅವರು ಕೊಂಡಾಡಿದ ಕುಶಲಕರ್ಮಿಯ ಅನಾಮಿಕತೆಯನ್ನು ಒಪ್ಪಲು ನಾನು ಹಿಂಜರಿಯುತ್ತೇನೆ. ಆಯದ ಪದ್ಧತಿಯಲ್ಲಿ ಗಡಿಗೆ ಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ ಕುಂಬಾರನನ್ನು ಊರು ಹೆಸರು ಹಿಡಿದು ಕರೆಯುತ್ತಿತ್ತು. ಅವನನ್ನು ಅನಾಮಿಕನಾಗಿಸಿದ್ದು ಕೊಳ್ಳುವವರ ಹಾಗೂ ಸಂಗ್ರಹಿಸುವವರ ದೃಷ್ಟಿ. ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿಯೂ ‘ಮಣ್ಣಿನ ಗಡಿಗೆ, ಕುಂಬಾರರ ತಯಾರಿಕೆ’ ಎಂದಷ್ಟೇ ಬರೆದ ಪುಟಗಳಿವೆ.

ಶರಣ ಪರಂಪರೆಯು ಕುಂಬಾರ ಗುಂಡಯ್ಯನ ಹೆಸರನ್ನು ಕಾಯಕದೊಡನೆಯೇ ಉಳಿಸಿಕೊಂಡಿದೆ. ಹರಿಹರನು ಅವನ ಮೇಲೆ ರಗಳೆಯನ್ನೇ ರಚಿಸಿದ್ದಾನೆ. ಕಮಲಾಪುರದ ಕೆಂಪು ಬಾಳೆಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಹಣ್ಣಿಗೆ ಊರಿನ ಹೆಸರು ದಕ್ಕಿತು. ಹಣ್ಣಿನ ಚೂರು ಬೀಳುವ ಗಡಿಗೆಗೆ ಮಾಡಿದವನ ಹೆಸರೂ ದಕ್ಕಲಿಲ್ಲ.

ಆದುದರಿಂದ ಜಾನಪದ ಸಂಶೋಧಕರು ಗಡಿಗೆಯ ಆಕಾರ, ಅಳತೆಗಳೊಂದಿಗೆ ಮಣ್ಣು ತಂದ ಕೆರೆ, ಆವಿಗೆಯ ಉರುವಲು, ಮಾರಿದ ಬೆಲೆ, ಒಪ್ಪಿಗೆಯಿದ್ದಲ್ಲಿ ಮಾಡಿದವರ ಹೆಸರು, ಇವನ್ನೂ ದಾಖಲಿಸುವುದು ಅಗತ್ಯ. ತಿಗುರಿಯ ಮುಂದೆ ಕುಳಿತವರನ್ನು ಬಿಟ್ಟು ಪಾತ್ರೆಯ ಚೆಲುವನ್ನಷ್ಟೇ ಹೊಗಳುವ ವಿಮರ್ಶೆ ಅರೆಬೆಂದ ಗಡಿಗೆಯಂತೆ. ಅದರಲ್ಲಿ ನೀರು ನಿಲ್ಲದು.