ಶಿಸ್ತು ಎಂಬ ಸೋಮಾರಿ ಪದ

ಸೇನೆಯಲ್ಲಿರುವ ಕ್ರೀಡಾಪಟುವೊಬ್ಬರು ಪದಕ ಗೆದ್ದರೆ ಮರುದಿನದ ವ್ಯಕ್ತಿಚಿತ್ರ ಹೇಗಿರುತ್ತದೆಂದು ಓದದೆಯೇ ಹೇಳಬಹುದು. ಮೊದಲ ಪ್ಯಾರಾದಲ್ಲಿ ಬೆಳಗಿನ ಜಾವದ ಕಸರತ್ತು, ಎರಡನೆಯದರಲ್ಲಿ ಸಮವಸ್ತ್ರ, ಮೂರನೆಯದರಲ್ಲಿ ಶಿಸ್ತು. ಅಲ್ಲಿಗೆ ಬರಹ ಮುಗಿಯಿತು. ಪದಕಕ್ಕೆ ಕಾರಣ ಸಿಕ್ಕಿತು ಎಂದು ಓದುಗನೂ ಪುಟ ಮಗುಚುತ್ತಾನೆ. ಈ 'ಶಿಸ್ತು' ಎಂಬ ಪದ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಹೆದರ್ ಸ್ಟಾನಿಂಗ್ ಬ್ರಿಟನ್ನಿನ ರೋಯಿಂಗ್ ಪಟು, ಅಲ್ಲಿನ ರಾಯಲ್ ಆರ್ಟಿಲರಿಯ ಅಧಿಕಾರಿ. 2012ರ ಆಗಸ್ಟ್ 1ರಂದು ಈಟನ್ ಡಾರ್ನಿಯಲ್ಲಿ ಹೆಲೆನ್ ಗ್ಲೋವರ್ ಜೊತೆ ಚಿನ್ನ ಗೆದ್ದರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯರಿಗೆ ಅದೇ ಮೊದಲ ಚಿನ್ನ. ಬ್ರಿಟನ್ನಿನ ಮಹಿಳಾ ರೋಯಿಂಗ್‌ಗಂತೂ ಒಲಿಂಪಿಕ್ಸ್ ಇತಿಹಾಸದಲ್ಲೇ ಮೊದಲನೆಯದು. 2013ರಲ್ಲಿ ಅವರು ಅಫ್ಘಾನಿಸ್ತಾನಕ್ಕೆ ಸೇವೆಗೆ ಹೋದರು. ಹಿಂತಿರುಗಿ 2014ರಲ್ಲಿ ವಿಶ್ವ ಚಾಂಪಿಯನ್ ಆದರು, 2016ರಲ್ಲಿ ರಿಯೋದಲ್ಲಿ ಮತ್ತೆ ಚಿನ್ನ ಗೆದ್ದರು. ಅದೇ ವರ್ಷ ಕ್ರೀಡೆಯಿಂದ ನಿವೃತ್ತರಾಗಿ ಸೇನೆಗೆ ಮರಳಿದರು.

ಇಷ್ಟು ಕೇಳಿದ ಕೂಡಲೇ ಕಥೆ ತಾನಾಗಿಯೇ ಬರೆದುಕೊಳ್ಳುತ್ತದೆ: ಸೇನೆಯ ಶಿಸ್ತು ದೋಣಿಗೆ ಬಂತು, ದೋಣಿಯ ಛಲ ಯುದ್ಧಭೂಮಿಗೆ ಹೋಯಿತು. ಆದರೆ ಇಸವಿಗಳನ್ನು ಸಾಲಾಗಿ ಜೋಡಿಸಿದರೆ ಈ ಕಥೆ ನಿಲ್ಲುವುದಿಲ್ಲ. ಸ್ಟಾನಿಂಗ್ ಹುಟ್ಟು ಹಿಡಿದದ್ದು 2006ರಲ್ಲಿ, ಬಾತ್ ವಿಶ್ವವಿದ್ಯಾಲಯದಲ್ಲಿ. ಎತ್ತರ ಮತ್ತು ಕಸುವು ಇರುವ ಯುವಜನರನ್ನು ಹುಡುಕಿ ರೋಯಿಂಗ್‌ಗೆ ತಯಾರು ಮಾಡುವ ಯೋಜನೆಯೊಂದು ಅವರನ್ನು ಆರಿಸಿತ್ತು. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ ಅಧಿಕಾರಿಯಾದದ್ದು 2008ರಲ್ಲಿ. ಆಮೇಲೆ ರಾಷ್ಟ್ರೀಯ ತಂಡದ ಜೊತೆ ಪೂರ್ಣಾವಧಿ ಅಭ್ಯಾಸಕ್ಕೆ ಸೇನೆ ಅವರನ್ನು ಬಿಟ್ಟುಕೊಟ್ಟಿತು. ಅಂದರೆ ದೋಣಿ ಮೊದಲು, ಸೇನೆ ಆಮೇಲೆ. ಪದಕದ ವಿಚಾರದಲ್ಲಿ ಸೇನೆ ಕೊಟ್ಟ ದೊಡ್ಡ ಕೊಡುಗೆ ಶಿಸ್ತಲ್ಲ, ಬಿಡುವು. ಬಿಡುವು ಎಂಬ ಪದಕ್ಕೆ ವೀರರಸವಿಲ್ಲ, ಹಾಗಾಗಿ ಅದು ತಲೆಬರಹಕ್ಕೆ ಏರುವುದಿಲ್ಲ.

ಇನ್ನೊಂದು ಸಂಗತಿ. ಸ್ಟಾನಿಂಗ್ ಇದ್ದ 32ನೇ ರೆಜಿಮೆಂಟ್‌ನ ಕೆಲಸ ಮಾನವರಹಿತ ವಿಮಾನಗಳ ಮೂಲಕ ನೆಲದ ಮೇಲೆ ಕಣ್ಣಿಡುವುದು. ಆ ಕೆಲಸ ಬೇಡುವುದು ತೋಳಿನ ಬಲವನ್ನಲ್ಲ, ಗಂಟೆಗಟ್ಟಲೆ ನೋಡುವ ತಾಳ್ಮೆಯನ್ನು. ಅತ್ತ ಜೋಡಿ ದೋಣಿಯಲ್ಲಿ ಚುಕ್ಕಾಣಿಗನಿರುವುದಿಲ್ಲ, ಒಬ್ಬೊಬ್ಬರ ಕೈಯಲ್ಲೂ ಒಂದೊಂದೇ ಹುಟ್ಟು. ಒಬ್ಬರು ತುಸು ಹೆಚ್ಚು ಎಳೆದರೂ ದೋಣಿ ಪಕ್ಕಕ್ಕೆ ತಿರುಗುತ್ತದೆ. ಅಲ್ಲಿ ಆಜ್ಞೆ ಕೊಡುವವರಿಲ್ಲ, ಪಾಲಿಸುವವರೂ ಇಲ್ಲ. ಎರಡು ಬೇರೆ ಬೇರೆ ದುಡಿಮೆಗಳನ್ನು ಒಂದೇ ಪದದ ಚೀಲಕ್ಕೆ ತುಂಬಿದರೆ ಎರಡರ ಬಗ್ಗೆಯೂ ನಮಗೆ ಏನೂ ತಿಳಿಯುವುದಿಲ್ಲ.

2013ನೇ ಇಸವಿಯನ್ನೇ ನೋಡಿ. ವ್ಯಕ್ತಿಚಿತ್ರಗಳಲ್ಲಿ ಅದು 'ತ್ಯಾಗ'ದ ವರ್ಷ. ಆದರೆ ಆ ವರ್ಷ ದೋಣಿಯ ಸೀಟು ಖಾಲಿ ಇರಲಿಲ್ಲ. ಪಾಲಿ ಸ್ವಾನ್ ಎಂಬಾಕೆ ಅಲ್ಲಿ ಕೂತು, ಗ್ಲೋವರ್ ಜೊತೆ ದಕ್ಷಿಣ ಕೊರಿಯಾದ ಚುಂಗ್ಜುವಿನಲ್ಲಿ ವಿಶ್ವ ಚಾಂಪಿಯನ್ ಆದರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗ್ಲೋವರ್ ಮತ್ತು ಸ್ಟಾನಿಂಗ್ 2000 ಮೀಟರನ್ನು 6 ನಿಮಿಷ 50.61 ಸೆಕೆಂಡಿನಲ್ಲಿ ಮುಗಿಸಿ ವಿಶ್ವದ ಶ್ರೇಷ್ಠ ಸಮಯ ಬರೆದರು. ಸ್ವಾನ್‌ಗೆ ಕೊನೆಗೆ ರಿಯೋದಲ್ಲಿ ದಕ್ಕಿದ್ದು ಎಂಟು ಜನರ ದೋಣಿಯಲ್ಲಿ ಬೆಳ್ಳಿ. ಸ್ಟಾನಿಂಗ್ ಅಫ್ಘಾನಿಸ್ತಾನಕ್ಕೆ ಹೊರಟಾಗ ಪಣಕ್ಕಿಟ್ಟದ್ದು ಈ ಸೀಟನ್ನು. ಮರಳಿ ಸಿಕ್ಕೇ ಸಿಗುತ್ತದೆಂಬ ಖಾತರಿ ಯಾರೂ ಕೊಡುವಂತಿರಲಿಲ್ಲ. 'ತ್ಯಾಗ' ಎಂದು ಬರೆದರೆ ಆ ಅನಿಶ್ಚಿತತೆ ಅಳಿಸಿಹೋಗುತ್ತದೆ, ಜೊತೆಗೆ ಸ್ವಾನ್ ಕೂಡ ಅಳಿಸಿಹೋಗುತ್ತಾರೆ.

ನಮ್ಮ ತೆಪ್ಪದ ಅಂಬಿಗ ಹೋಗುವ ದಡವನ್ನು ನೋಡುತ್ತ ಹುಟ್ಟು ಹಾಕುತ್ತಾನೆ. ಸ್ಪರ್ಧೆಯ ರೋಯಿಂಗ್‌ನಲ್ಲಿ ಹಾಗಲ್ಲ. ಪಟುಗಳು ಗುರಿಗೆ ಬೆನ್ನು ಹಾಕಿ ಕೂರುತ್ತಾರೆ, ದಾಟಿ ಬಂದ ನೀರಷ್ಟೇ ಅವರಿಗೆ ಕಾಣುವುದು. ವ್ಯಕ್ತಿಚಿತ್ರ ಬರೆಯುವವನಿಗೆ ಪದಕ ಮೊದಲೇ ಗೊತ್ತು. ಗೊತ್ತಿಲ್ಲದೆ ಎಳೆದ ಪ್ರತಿಯೊಂದು ಹುಟ್ಟನ್ನೂ ಅವನು ಗೊತ್ತಿದ್ದೇ ಎಳೆದದ್ದೆಂಬಂತೆ ಬರೆಯುತ್ತಾನೆ. ಈ ಪ್ರಕಾರದ ಮೂಲ ದೋಷ ಇರುವುದು ಇಲ್ಲಿ.

ರಿಯೋದ ಅದೇ ಸರೋವರದಲ್ಲಿ, ಅದೇ ವಾರ, ಇನ್ನೊಬ್ಬ ಸೈನಿಕ ಸ್ಪರ್ಧಿಸಿದ್ದರು. ದತ್ತು ಬಬನ್ ಭೋಕನಳ್, ಭಾರತೀಯ ಸೇನೆಯ ಜವಾನ. ಊರು ನಾಸಿಕ್ ಜಿಲ್ಲೆಯ ತಳೇಗಾಂವ್ ರೋಹಿ, ನೀರಿಗೆ ಬರವಿದ್ದ ಸೀಮೆ. ತಂದೆಯ ಜೊತೆ ಬಾವಿ ತೋಡುವ ಕೂಲಿ ಮಾಡುತ್ತಿದ್ದವರು 2012ರಲ್ಲಿ ಸೇನೆ ಸೇರಿದರು. ಹುಟ್ಟು ಹಿಡಿಯಲು ಕಲಿತದ್ದೇ ಅಲ್ಲಿ. ನಾಲ್ಕೇ ವರ್ಷದಲ್ಲಿ ಒಲಿಂಪಿಕ್ಸ್‌ನ ಒಂಟಿ ದೋಣಿಯಲ್ಲಿ 13ನೆಯವರಾದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಇಬ್ಬರಿಗೂ ನಾವು 'ಸೈನಿಕ ಕ್ರೀಡಾಪಟು' ಎಂಬ ಒಂದೇ ಹೆಸರು ಕೊಡುತ್ತೇವೆ. ಹೋಲಿಕೆ ಇಲ್ಲದಿಲ್ಲ: ಇಬ್ಬರೂ ದೊಡ್ಡವರಾದ ಮೇಲೆ ದೋಣಿ ಹತ್ತಿದವರು, ಇಬ್ಬರ ಮೈಕಟ್ಟನ್ನೂ ಮೊದಲು ಗುರುತಿಸಿದ್ದು ಒಂದು ಸಂಸ್ಥೆಯ ಕಣ್ಣು. ಆದರೆ ಸ್ಟಾನಿಂಗ್ ಓದಿದ್ದು ಗಾರ್ಡನ್‌ಸ್ಟನ್‌ನಂಥ ವಸತಿ ಶಾಲೆಯಲ್ಲಿ. ಅವರಿಗೆ ಸೇನೆ ಆಯ್ಕೆ ಮಾಡಿಕೊಂಡ ಒಂದು ವೃತ್ತಿ. ಭೋಕನಳರಿಗೆ ಅದು ಮೊದಲು ಅನ್ನ, ಆಮೇಲೆ ನೀರು. ಒಬ್ಬರಿಗೆ ಸೇನೆ ಕ್ರೀಡೆಗಾಗಿ ಸಮಯ ಬಿಟ್ಟುಕೊಟ್ಟಿತು, ಇನ್ನೊಬ್ಬರಿಗೆ ಕ್ರೀಡೆಯನ್ನೇ ಕೊಟ್ಟಿತು. ಅಧಿಕಾರಿ ಮತ್ತು ಜವಾನ ಎಂಬ ಎರಡು ಪದಗಳ ನಡುವಿನ ಈ ದೂರವನ್ನು 'ಶಿಸ್ತು' ಒಂದೇ ಏಟಿಗೆ ಸಮತಟ್ಟು ಮಾಡಿಬಿಡುತ್ತದೆ.

ಶಿಸ್ತು ಸುಳ್ಳೆಂದು ನನ್ನ ವಾದವಲ್ಲ. ಅದಿಲ್ಲದೆ ಯಾವ ದೋಣಿಯೂ 2000 ಮೀಟರ್ ದಾಟದು. ಆದರೆ ಸೋತವರಲ್ಲೂ ಅದು ಅಷ್ಟೇ ಇರುತ್ತದೆ. ಎಲ್ಲರಲ್ಲೂ ಇರುವುದನ್ನು ಗೆದ್ದವರ ಗೆಲುವಿಗೆ ಕಾರಣವಾಗಿ ತೋರಿಸಿದರೆ ಅದು ವಿವರಣೆ ಆಗದು, ಹೊಗಳಿಕೆ ಮಾತ್ರ ಆದೀತು. ಮುಂದಿನ ಸಲ ಇಂಥದೊಂದು ವ್ಯಕ್ತಿಚಿತ್ರ ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಸಮಯ ಕೊಟ್ಟವರು ಯಾರು? ಇವರು ಇಲ್ಲದಾಗ ಸೀಟಿನಲ್ಲಿ ಕೂತವರು ಯಾರು? ಸೋತಿದ್ದರೆ ಇವರಿಗೆ ಮರಳಲು ಏನಿತ್ತು? ಇವುಗಳಲ್ಲಿ ಒಂದಕ್ಕಾದರೂ ಉತ್ತರವಿರುವ ಬರಹ ಓದಲು ತಕ್ಕದ್ದು.