ಮೊದಲು ಒಂದೇ ಒಂದು ಸ್ಟಾಪ್

ಪೈಪ್ ಆರ್ಗನ್ನನ್ನು ಹೊಸಬರಿಗೆ ಪರಿಚಯಿಸುವ ಕಛೇರಿಗಳಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಶುರುವಿಗೇ ಸಿಕ್ಕಷ್ಟು ಸ್ಟಾಪ್‌ಗಳನ್ನು ಎಳೆದು, ಬಾಖ್‌ನ ಡಿ ಮೈನರ್ ಟೊಕಾಟಾದಿಂದ ಇಡೀ ಕಟ್ಟಡವನ್ನು ನಡುಗಿಸುವುದು. ಕೇಳುಗರು ಬೆರಗಾಗುತ್ತಾರೆ, ನಿಜ. ಆದರೆ ಅಷ್ಟು ಸದ್ದಿನಲ್ಲಿ ಮುಳುಗಿದ ಕಿವಿಗೆ ಬಿಡಿಸಿ ಕೇಳುವ ವ್ಯವಧಾನ ಉಳಿಯುವುದಿಲ್ಲ. ಮೊದಲು ಒಂದೇ ಒಂದು ಸ್ಟಾಪ್ ಎಳೆದು ನುಡಿಸಲಿ ಎನ್ನುವವನು ನಾನು.

ಹಾರ್ಮೋನಿಯಂ ಕೇಳಿ ಬೆಳೆದ ನಾವು ಆರ್ಗನ್ನನ್ನು ಅದರ ಅಣ್ಣನೆಂದು ತಿಳಿಯುತ್ತೇವೆ. ಹಾರ್ಮೋನಿಯಂನಲ್ಲಿ ಕಂಪಿಸುವುದು ಹಿತ್ತಾಳೆಯ ರೀಡು. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ರೀಡೇ ಇಲ್ಲ; ತಿದಿಯಿಂದ ಬಂದ ಗಾಳಿ ಕೊಳವೆಯ ತುಟಿಗೆ ತಾಗಿ, ಕೊಳಲಿನಲ್ಲಿ ಆಗುವಂತೆಯೇ ಒಳಗಿನ ಗಾಳಿ ನಾದವಾಗುತ್ತದೆ. ಸಾಮಾನ್ಯವಾಗಿ ಒಂದು ಸ್ಟಾಪ್ ಎಂದರೆ ಒಂದೇ ಬಣ್ಣದ ದನಿಯ ಒಂದು ಸಾಲು ಕೊಳವೆ, ಸ್ವರಕ್ಕೊಂದರಂತೆ. 8 ಅಡಿಯ ಮರದ ಫ್ಲೂಟ್ ಒಂದನ್ನೇ ನುಡಿಸಿ, ಆಮೇಲೆ ಒಂದು ಸ್ಥಾಯಿ ಮೇಲಿನ 4 ಅಡಿಯದನ್ನು ಸೇರಿಸಿದರೆ ಒಂದು ಸೋಜಿಗ ನಡೆಯುತ್ತದೆ: ಎರಡು ದನಿ ಕೇಳುವುದಿಲ್ಲ, ಅದೇ ದನಿಗೆ ಹೊಳಪು ಬರುತ್ತದೆ. ಇದನ್ನು ಒಮ್ಮೆ ಹಿಡಿದ ಕಿವಿಗೆ ಮುಂದಿನ ಆರ್ಭಟವೂ ಬರಿಯ ಆರ್ಭಟವಾಗಿ ಕೇಳದು.

ಹೀಗೆ ಕೇಳುವುದಕ್ಕೆ ಒಳ್ಳೆಯ ಜಾಗ ನೆದರ್ಲೆಂಡ್ಸ್‌ನ ಹಾರ್ಲೆಮ್. ಅಲ್ಲಿನ ಸೇಂಟ್ ಬಾವೋ ಚರ್ಚಿನ ಆರ್ಗನ್ನನ್ನು ಕ್ರಿಶ್ಚಿಯನ್ ಮ್ಯೂಲರ್ 1738ರಲ್ಲಿ ಕಟ್ಟಿ ಮುಗಿಸಿದ. ಮೂರು ಕೀಲಿಮಣೆ, ಕಾಲಿಗೊಂದು ಪೆಡಲ್ ಸಾಲು, ಸುಮಾರು 5,000 ಕೊಳವೆ. 1766ರಲ್ಲಿ ಹತ್ತು ವರ್ಷದ ಮೊಟ್ಸಾರ್ಟ್ ಇದನ್ನು ನುಡಿಸಿದ. ನನಗೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಡಚ್ ಪ್ರೊಟೆಸ್ಟೆಂಟರು ಮೊದಮೊದಲು ಆರಾಧನೆಗೆ ಆರ್ಗನ್ ಬೇಡವೆಂದರೂ ಅಲ್ಲಿನ ನಗರಾಡಳಿತಗಳು ವಾದ್ಯಗಳನ್ನು ತಮ್ಮದಾಗಿ ಉಳಿಸಿಕೊಂಡು, ಸಂಬಳ ಕೊಟ್ಟು ವಾದಕರನ್ನಿಟ್ಟು, ಊರ ಜನಕ್ಕಾಗಿ ನುಡಿಸುವಂತೆ ಮಾಡಿದವು. ದೇವರ ಮನೆಯಲ್ಲೇ ಸಾರ್ವಜನಿಕ ಕಛೇರಿ ಹುಟ್ಟಿದ್ದು ಹೀಗೆ. ಹಾರ್ಲೆಮ್‌ನಲ್ಲಿ ಬೇಸಿಗೆಯ ಕಛೇರಿಗಳು ಇಂದಿಗೂ ನಡೆಯುತ್ತವೆ. ಆಮ್‌ಸ್ಟರ್‌ಡ್ಯಾಮ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ.

ಅಲ್ಲಿ ಕೆಳಗೆ ಕೂತವರಿಗೆ ವಾದಕ ಕಾಣುವುದಿಲ್ಲ. ಅವನ ಬೆನ್ನ ಹಿಂದೆ, ಅಟ್ಟದ ಕಟಕಟೆಗೆ ಹೊಂದಿಕೊಂಡು ಚಿಕ್ಕದೊಂದು ಕೊಳವೆಗಳ ಗುಂಪಿದ್ದು, ಅದೇ ಅವನನ್ನು ಮರೆಮಾಡುತ್ತದೆ. ಆ ಗುಂಪಿನ ದನಿ ಮಾತ್ರ ಎದುರು ನಿಂತು ಮಾತಾಡಿದಷ್ಟು ಸ್ಪಷ್ಟ. ಆರ್ಗನ್ನಿನ ಬುಡದಲ್ಲಿ ಕೂರಬೇಡಿ. ಚರ್ಚಿನ ನಡುಭಾಗಕ್ಕೆ ಬಂದರೆ ಮೇಲಿನ ಕೊಳವೆಗಳೂ ಇದೂ ಬೆರೆತು ಕೇಳುತ್ತವೆ.

ಕಾರ್ಯಕ್ರಮದಲ್ಲಿ ಬಾಖ್‌ನ ಸಿ ಮೈನರ್ ಪಸಕಾಲಿಯಾ ಇದ್ದರೆ ಬಿಡಬೇಡಿ. ಪೆಡಲ್ ಮೇಲೆ ಕಾಲಷ್ಟೇ ನುಡಿಸುವ ಎಂಟು ಬಾರ್‌ಗಳ ಒಂದು ಪಲ್ಲವಿ, ಅದರ ಮೇಲೆ 20 ರೂಪಾಂತರ, ಕೊನೆಗೊಂದು ಫ್ಯೂಗ್. ಪಲ್ಲವಿಯನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ. ನಡುವೆ ಅದು ಕಾಲು ಬಿಟ್ಟು ಕೈಗೆ ಏರುತ್ತದೆ, ಆಗ ಕಳೆದುಕೊಳ್ಳುವವರೇ ಹೆಚ್ಚು. ವಾದಕ 32 ಅಡಿಯ ಸ್ಟಾಪನ್ನೂ ಎಳೆದಿದ್ದರೆ, ಮಂದ್ರದ ತಳದ ಸ್ವರ ಸೆಕೆಂಡಿಗೆ ಸುಮಾರು 16 ಕಂಪನದ್ದು. ಅದನ್ನು ಕಿವಿಗಿಂತ ಮೊದಲು ಕುರ್ಚಿಯ ಮರ ಗುರುತಿಸುತ್ತದೆ.